ಒಂದು ಅಣು ಮುಟ್ಟಿದರೆ ಸಿಡಿಯುತ್ತದೆ, ಇನ್ನೊಂದು ಸುತ್ತಿಗೆ ಏಟನ್ನೂ ತಡೆದುಕೊಳ್ಳುತ್ತದೆ, ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ರಸಾಯನಶಾಸ್ತ್ರದ ವಿದ್ಯಾರ್ಥಿಗಳು, ಪ್ರಯೋಗಾಲಯದಲ್ಲಿ ದುಡಿಯುವವರು ಮತ್ತು ಗೋದಾಮು ನೋಡಿಕೊಳ್ಳುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದೆ. ಯಾವ ವಸ್ತುವಿನ ತಯಾರಿಕೆಯೂ ಇಲ್ಲಿನ ವಿಷಯವಲ್ಲ. ಅಣುವಿನ ರಚನೆ ನೋಡಿ ಅಪಾಯವನ್ನು ಮುಂಚೆಯೇ ಗುರುತಿಸುವುದು ಹೇಗೆ ಎಂಬುದೇ ವಿಷಯ.

## ಮೊದಲ ಪ್ರಶ್ನೆಗಳು

ಪೆಟ್ರೋಲಿನಲ್ಲಿ ಟಿಎನ್‌ಟಿಗಿಂತ ಹೆಚ್ಚು ಶಕ್ತಿ ಇದೆ ಅಂತಾರೆ. ಹಾಗಿದ್ದರೆ ಪೆಟ್ರೋಲ್ ಯಾಕೆ ಟಿಎನ್‌ಟಿ ಥರ ಸಿಡಿಯಲ್ಲ?

ಶಕ್ತಿಯ ಲೆಕ್ಕ ನಿಜವೇ. ಒಂದು ಕಿಲೊ ಪೆಟ್ರೋಲ್ ಉರಿದರೆ ಸುಮಾರು 44 ಮೆಗಾಜೂಲ್, ಒಂದು ಕಿಲೊ ಟಿಎನ್‌ಟಿ ಸಿಡಿದರೆ ಸುಮಾರು 4.2 ಮೆಗಾಜೂಲ್. ಹತ್ತು ಪಟ್ಟು ವ್ಯತ್ಯಾಸ. ಆದರೆ ಪೆಟ್ರೋಲಿಗೆ ಬೇಕಾದ ಆಮ್ಲಜನಕ ಗಾಳಿಯಿಂದ ಬರಬೇಕು. ಅದು ಬಂದು ಬೆರೆಯುವಷ್ಟು ವೇಗದಲ್ಲಷ್ಟೇ ಪೆಟ್ರೋಲ್ ಉರಿಯುತ್ತದೆ. ಟಿಎನ್‌ಟಿಯಲ್ಲಿ ಉರಿಯುವ ಇಂಗಾಲವೂ ಉರಿಸುವ ಆಮ್ಲಜನಕವೂ ಒಂದೇ ಅಣುವಿನೊಳಗೆ, ಆಂಗ್‌ಸ್ಟ್ರಾಮ್‌ಗಳ (ಮೀಟರಿನ ಸಾವಿರ ಕೋಟಿಯ ಒಂದು ಭಾಗ) ಅಂತರದಲ್ಲಿ ಕೂತಿವೆ. ಬೆರೆಯಲು ಕಾಯಬೇಕಿಲ್ಲ. ಹಾಗಾಗಿ ಕ್ರಿಯೆಯ ಅಲೆ ಸೆಕೆಂಡಿಗೆ ಸುಮಾರು 6.9 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಸ್ಫೋಟದ ಬಲ ಶಕ್ತಿಯ ಮೊತ್ತದಿಂದಲ್ಲ, ಅದು ಬಿಡುಗಡೆಯಾಗುವ ವೇಗದಿಂದ ಬರುತ್ತದೆ.

ಸ್ಥಿರತೆ, ಸೂಕ್ಷ್ಮತೆ ಎರಡೂ ಒಂದೇ ಅಲ್ಲವೇ?

ಅಲ್ಲ. ಈ ಎರಡನ್ನು ಬೆರೆಸಿಕೊಂಡರೆ ಮುಂದಿನದೆಲ್ಲ ಗೊಂದಲವಾಗುತ್ತದೆ. ಯಾರೂ ಕೆಣಕದೆ ಇಟ್ಟಲ್ಲೇ ಬಿಟ್ಟಾಗ, ಶಾಖಕ್ಕೂ ಕಾಲಕ್ಕೂ ವಸ್ತು ಎಷ್ಟು ತಡೆದುಕೊಳ್ಳುತ್ತದೆ ಎಂಬುದು ಸ್ಥಿರತೆ. ಕೆಣಕಿದಾಗ, ಅಂದರೆ ಏಟು, ಉಜ್ಜುವಿಕೆ, ಕಿಡಿ, ಆಘಾತದ ಅಲೆ ತಾಗಿದಾಗ, ಎಷ್ಟು ಬೇಗ ಕೆರಳುತ್ತದೆ ಎಂಬುದು ಸೂಕ್ಷ್ಮತೆ.

ಪಿಇಟಿಎನ್ ಎಂಬ ಸ್ಫೋಟಕ ಸಾಧಾರಣ ತಾಪದಲ್ಲಿ ವರ್ಷಗಟ್ಟಲೆ ಕೆಡದೆ ಇರುತ್ತದೆ, 141 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಆದರೂ ಸುಮಾರು 3 ಜೂಲ್ ಏಟಿಗೆ ಸಿಡಿಯಬಲ್ಲದು. ಹತ್ತಿಯಂಥ ನಾರಿನಿಂದಾದ ಸಿಡಿಮದ್ದು ನೈಟ್ರೊಸೆಲ್ಯುಲೋಸ್ ಇದರ ತಿರುಗುಮುರುಗು. ನೀರಿನಲ್ಲಿ ನೆನೆದಿರುವಾಗ ಏಟಿಗೆ ಜಗ್ಗುವುದಿಲ್ಲ, ಆದರೆ ಕೋಣೆಯ ತಾಪದಲ್ಲೇ ನಿಧಾನವಾಗಿ ಕೊಳೆಯುತ್ತಿರುತ್ತದೆ. ಮೊದಲನೆಯದರ ಜೊತೆ ಕೈ ಹಗುರಾಗಿರಬೇಕು, ಎರಡನೆಯದರ ಜೊತೆ ತಾರೀಕಿನ ಮೇಲೆ ಕಣ್ಣಿರಬೇಕು.

ಸಿಡಿಯುವ ವಸ್ತುಗಳಲ್ಲೆಲ್ಲ ಯಾಕೆ ನೈಟ್ರೊಜನ್ ಇರುತ್ತದೆ?

ಎಲ್ಲದರಲ್ಲೂ ಇಲ್ಲ. ಪೆರಾಕ್ಸೈಡ್‌ಗಳು, ಅಸಿಟಿಲೈಡ್‌ಗಳು ನೈಟ್ರೊಜನ್ ಇಲ್ಲದೆಯೇ ಸಿಡಿಯುತ್ತವೆ. ಆದರೆ ಬಹುಪಾಲಿನಲ್ಲಿ ಇರುವುದಕ್ಕೆ ಕಾರಣ ಒಂದೇ ಲೆಕ್ಕದಲ್ಲಿದೆ. ನೈಟ್ರೊಜನ್-ನೈಟ್ರೊಜನ್ ಒಂಟಿಬಂಧದ ಬಲ ಮೋಲಿಗೆ ಸುಮಾರು 160 ಕಿಲೊಜೂಲ್. ಗಾಳಿಯಲ್ಲಿರುವ ನೈಟ್ರೊಜನ್ ಅಣುವಿನ ತ್ರಿಬಂಧದ ಬಲ 945. ಮೂರು ಒಂಟಿಬಂಧ ಸೇರಿದರೂ 480 ದಾಟುವುದಿಲ್ಲ, ತ್ರಿಬಂಧ ಅದರ ಎರಡು ಪಟ್ಟಿನಷ್ಟಿದೆ. ಇಂಗಾಲದಲ್ಲಿ ಹೀಗಿಲ್ಲ. ಅಲ್ಲಿ ಒಂಟಿಬಂಧ 347ರ ಆಸುಪಾಸು, ಮೂರು ಸೇರಿದರೆ ತ್ರಿಬಂಧವನ್ನೂ ಮೀರುತ್ತದೆ. ಆದ್ದರಿಂದಲೇ ಇಂಗಾಲ ಉದ್ದುದ್ದ ಸರಪಳಿ ಕಟ್ಟಿಕೊಂಡು ನೆಮ್ಮದಿಯಾಗಿರುತ್ತದೆ, ನೈಟ್ರೊಜನ್ ಸರಪಳಿಗೆ ಯಾವಾಗಲೂ ಬಿಡಿ ಅಣುಗಳಾಗಿ ಹಾರಿಹೋಗುವ ತವಕ.

## ಬಂಧಗಳು ಮತ್ತು ಗುಂಪುಗಳು

ಅಣುವಿನ ಚಿತ್ರ ನೋಡಿ ಮೊದಲು ಏನನ್ನು ಹುಡುಕಬೇಕು?

ಅತಿ ದುರ್ಬಲ ಬಂಧವನ್ನು. ಹೊರಗಿನ ಶಕ್ತಿ ಒಳಬಂದಾಗ ಬಹುಮಟ್ಟಿಗೆ ಮೊದಲು ತುಂಡಾಗುವುದು ಅದೇ. ಇಂಗ್ಲಿಷಿನವರು ಇದನ್ನು ಟ್ರಿಗರ್ ಬಂಧ ಎನ್ನುತ್ತಾರೆ. ನೈಟ್ರೊ ಗುಂಪು (ಒಂದು ನೈಟ್ರೊಜನ್, ಎರಡು ಆಮ್ಲಜನಕ) ಎಲ್ಲಿ ಕೂತಿದೆ ಎಂಬುದೇ ಅರ್ಧ ಕಥೆ ಹೇಳಿಬಿಡುತ್ತದೆ. ಆಮ್ಲಜನಕದ ಮೇಲೆ ಕೂತಿದ್ದರೆ (ನೈಟ್ರೊಗ್ಲಿಸರಿನ್, ಪಿಇಟಿಎನ್) ಆ ಬಂಧ ಮೋಲಿಗೆ ಸುಮಾರು 170 ಕಿಲೊಜೂಲ್. ನೈಟ್ರೊಜನ್ ಮೇಲಿದ್ದರೆ (ಆರ್‌ಡಿಎಕ್ಸ್, ಎಚ್‌ಎಂಎಕ್ಸ್ ಎಂಬ ಸ್ಫೋಟಕಗಳು) ಸುಮಾರು 200. ಬೆಂಜೀನ್ ಉಂಗುರದ ಇಂಗಾಲದ ಮೇಲಿದ್ದರೆ (ಟಿಎನ್‌ಟಿ) 300ರ ಹತ್ತಿರ. ಏಟಿನ ಪರೀಕ್ಷೆಯಲ್ಲೂ ಇದೇ ಕ್ರಮ ಕಾಣುತ್ತದೆ: ಪಿಇಟಿಎನ್ 3 ಜೂಲ್, ಆರ್‌ಡಿಎಕ್ಸ್ 7.5, ಟಿಎನ್‌ಟಿ 15. ಪೆರಾಕ್ಸೈಡ್‌ಗಳ ಆಮ್ಲಜನಕ-ಆಮ್ಲಜನಕ ಬಂಧ ಇವಕ್ಕಿಂತಲೂ ಸಡಿಲ. ಹಾಗಾಗಿಯೇ ಅವು ಇಷ್ಟು ಕುಖ್ಯಾತ.

ಆದರೆ ಇದನ್ನೇ ಕೊನೆಯ ಮಾತಾಗಿ ಹಿಡಿಯಬಾರದು. ಟಿಎನ್‌ಟಿಯನ್ನು ನಿಧಾನವಾಗಿ ಕಾಯಿಸಿದಾಗ ಮೊದಲು ಒಡೆಯುವುದು ಇಂಗಾಲ-ನೈಟ್ರೊ ಬಂಧವಲ್ಲ. ಮೀಥೈಲ್ ಗುಂಪಿನ (ಒಂದು ಇಂಗಾಲ, ಮೂರು ಹೈಡ್ರೊಜನ್) ಒಂದು ಹೈಡ್ರೊಜನ್ ಪಕ್ಕದ ನೈಟ್ರೊ ಗುಂಪಿನ ಆಮ್ಲಜನಕಕ್ಕೆ ಜಿಗಿಯುತ್ತದೆ. ಅಡ್ಡದಾರಿ ಇದ್ದರೆ ಕ್ರಿಯೆ ಅದನ್ನೇ ಹಿಡಿಯುತ್ತದೆ. ನೈಟ್ರೊ ಗುಂಪಿನ ಪಕ್ಕದಲ್ಲೇ ಮೀಥೈಲ್ ಇದ್ದರೆ ಶಾಖದ ಸ್ಥಿರತೆ ಬಂಧದ ಬಲ ಸೂಚಿಸುವುದಕ್ಕಿಂತ ಕಡಿಮೆಯೆಂದೇ ತಿಳಿಯಬೇಕು.

ನೈಟ್ರೊಗ್ಲಿಸರಿನ್ ಅಷ್ಟು ಅಪಾಯ ಅಂದಮೇಲೆ ಎದೆನೋವಿನ ಮಾತ್ರೆ ಸಿಡಿಯಲ್ಲವೇ?

ಇಲ್ಲ. ಮಾತ್ರೆಯಲ್ಲಿ ಅದು ಒಂದು ಮಿಲಿಗ್ರಾಂಗೂ ಕಡಿಮೆ, ಸುಮಾರು 0.3ರಿಂದ 0.6, ಅದೂ ಸಕ್ಕರೆಯಂಥ ನಿರುಪದ್ರವಿ ಪುಡಿಯಲ್ಲಿ ಹರಡಿರುತ್ತದೆ. ಒಂದು ಅಣು ಒಡೆದು ಬಿಟ್ಟ ಶಾಖ ಸುತ್ತಲಿನ ಪುಡಿಯಲ್ಲಿ ಇಂಗಿಹೋಗುತ್ತದೆ, ಪಕ್ಕದ ಅಣುವನ್ನು ತಲುಪುವುದಿಲ್ಲ. ಮಾತ್ರೆಯ ಮಟ್ಟಿಗೆ ಚಿಂತೆ ಬೇರೆಯದು: ಅದು ಆವಿಯಾಗಿ ಔಷಧದ ಗುಣ ಕಳೆದುಕೊಳ್ಳುತ್ತದೆ. ಕೊಟ್ಟ ಗಾಜಿನ ಸೀಸೆಯಲ್ಲೇ ಮುಚ್ಚಳ ಬಿಗಿ ಮಾಡಿ ಇಡಬೇಕು.

ನೈಟ್ರೊ ಗುಂಪು ಜಾಸ್ತಿ ಇದ್ದಷ್ಟೂ ಅಪಾಯ ಜಾಸ್ತಿಯೇ?

ಸ್ಥೂಲವಾಗಿ ಹೌದು, ಮತ್ತು ಅದನ್ನು ಅಳೆಯಲು ಆಮ್ಲಜನಕ ಸಮತೋಲನ ಎಂಬ ಲೆಕ್ಕವಿದೆ. ಅಣುವಿನ ಇಂಗಾಲದ ಸಂಖ್ಯೆಯನ್ನು 2ರಿಂದ ಗುಣಿಸಿ, ಹೈಡ್ರೊಜನ್ ಸಂಖ್ಯೆಯ ಅರ್ಧ ಕೂಡಿಸಿ, ಆಮ್ಲಜನಕದ ಸಂಖ್ಯೆ ಕಳೆಯಿರಿ. ಬಂದದ್ದನ್ನು ಮೈನಸ್ 1600ರಿಂದ ಗುಣಿಸಿ ಅಣುತೂಕದಿಂದ ಭಾಗಿಸಿ. ಟಿಎನ್‌ಟಿಗೆ ಮೈನಸ್ 74, ಆರ್‌ಡಿಎಕ್ಸ್‌ಗೆ ಮೈನಸ್ 21.6, ನೈಟ್ರೊಗ್ಲಿಸರಿನ್‌ಗೆ ಪ್ಲಸ್ 3.5 ಶೇಕಡಾ. ಸೊನ್ನೆಗೆ ಹತ್ತಿರವಾದಷ್ಟೂ ಇಂಧನ, ಆಮ್ಲಜನಕಗಳ ಜೋಡಿ ಪೂರ್ಣವಾಗುತ್ತದೆ. ಒಂದೇ ಕುಟುಂಬದ ಅಣುಗಳಲ್ಲಿ ಸಮತೋಲನ ಏರಿದಂತೆ ಸೂಕ್ಷ್ಮತೆಯೂ ಏರುತ್ತದೆ ಎಂದು 1970ರ ದಶಕದಲ್ಲಿ ರಸಾಯನಶಾಸ್ತ್ರಜ್ಞ ಕ್ಯಾಮ್ಲೆಟ್ ತೋರಿಸಿದರು. ಒಂದೇ ಕುಟುಂಬ ಎಂಬ ಮಾತು ಇಲ್ಲಿ ಮುಖ್ಯ. ನೈಟ್ರಮೀನ್‌ಗಳಿಗೆ (ನೈಟ್ರೊಜನ್ ಮೇಲೆ ನೈಟ್ರೊ ಗುಂಪು ಕೂತವು) ಒಂದು ಗೆರೆ, ನೈಟ್ರೊ ಬೆಂಜೀನ್‌ಗಳಿಗೆ ಬೇರೊಂದು. ಗೆರೆ ದಾಟಿ ಹೋಲಿಸಿದರೆ ತಪ್ಪು ಉತ್ತರ ಬರುತ್ತದೆ.

ನೈಟ್ರೊ ಸಂಖ್ಯೆಯೊಂದೇ ಎಲ್ಲವನ್ನೂ ಹೇಳುವುದಿಲ್ಲ ಎಂಬುದಕ್ಕೆ ಇನ್ನೊಂದು ಉದಾಹರಣೆ ಇದಕ್ಕಿಂತ ಚೆನ್ನಾಗಿದೆ. ಮೂರು ನೈಟ್ರೊ ಗುಂಪಿರುವ ಬೆಂಜೀನನ್ನು ತೆಗೆದುಕೊಳ್ಳಿ. ನೈಟ್ರೊ ಸಂಖ್ಯೆ ಮುಟ್ಟದೆ ಖಾಲಿ ಜಾಗಗಳಿಗೆ ಒಂದೊಂದೇ ಅಮೈನೊ ಗುಂಪು (ಒಂದು ನೈಟ್ರೊಜನ್, ಎರಡು ಹೈಡ್ರೊಜನ್) ಸೇರಿಸುತ್ತ ಹೋದರೆ, ಅರ್ಧದಷ್ಟು ಸಲ ಸಿಡಿಸಲು ತೂಕವನ್ನು ಬೀಳಿಸಬೇಕಾದ ಎತ್ತರ 100 ಸೆಂಟಿಮೀಟರಿನಿಂದ 177ಕ್ಕೆ, ಅಲ್ಲಿಂದ 320ಕ್ಕೆ ಏರುತ್ತದೆ. ಮೂರೂ ಜಾಗ ತುಂಬಿದಾಗ ಬರುವ ಟಿಎಟಿಬಿಯನ್ನು ಆ ಯಂತ್ರದ ಪೂರ್ತಿ ಎತ್ತರದಿಂದ ಹೊಡೆದರೂ ಸಿಡಿಸಲಾಗುವುದಿಲ್ಲ. ಅಮೈನೊ ಗುಂಪು ಉಂಗುರಕ್ಕೆ ಇಲೆಕ್ಟ್ರಾನ್ ಕೊಡುತ್ತದೆ, ಪಕ್ಕದ ನೈಟ್ರೊ ಗುಂಪನ್ನು ಹೈಡ್ರೊಜನ್ ಬಂಧದಿಂದ ಹಿಡಿದಿಡುತ್ತದೆ, ಇಂಗಾಲ-ನೈಟ್ರೊ ಬಂಧ ಗಟ್ಟಿಯಾಗುತ್ತದೆ.

ಉಂಗುರ ಬಿಗಿಯಾಗಿ ಬಾಗಿದ್ದರೆ ಅದು ತಾನಾಗಿಯೇ ಸಿಡಿಯುತ್ತದಾ?

ಬಾಗಿದ ಬಿಲ್ಲು ತಾನಾಗಿ ಬಾಣ ಬಿಡುವುದಿಲ್ಲ. ಕ್ಯೂಬೇನ್ ಎಂಬ ಘನಾಕೃತಿಯ ಅಣುವಿನಲ್ಲಿ ಮೋಲಿಗೆ 650 ಕಿಲೊಜೂಲ್ ಮೀರಿದ ಬಿಗುವಿದೆ. ಆದರೂ 200 ಡಿಗ್ರಿಯವರೆಗೆ ಅದು ಕೆಡುವುದಿಲ್ಲ. ಬಿಗುವು ಬಿಡುಗಡೆಯಾಗಲು ಬೇಕಾದ ಸಲೀಸಾದ ದಾರಿ ಆ ಅಣುವಿನ ಸಮಮಿತಿಯಲ್ಲಿ ಇಲ್ಲ. ಒಂದು ಬಂಧ ತುಂಡಾದರೂ ಉಳಿದ ಚೌಕಟ್ಟು ಅದರ ತುದಿಗಳನ್ನು ಎದುರುಬದುರೇ ಹಿಡಿದಿರುತ್ತದೆ, ಮತ್ತೆ ಕೂಡಿಕೊಳ್ಳುತ್ತವೆ. 2000ದಲ್ಲಿ ಫಿಲಿಪ್ ಈಟನ್ ಮತ್ತು ಮಾವೊ-ಷಿ ಜಾಂಗ್ ಎಂಟೂ ಮೂಲೆಗೆ ನೈಟ್ರೊ ಗುಂಪಿರುವ ಆಕ್ಟಾನೈಟ್ರೊಕ್ಯೂಬೇನನ್ನು ವರದಿ ಮಾಡಿದರು. ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ 1.98 ಗ್ರಾಂ. ಹೆಸರು ಕೇಳಿದರೆ ಭಯ ಹುಟ್ಟಿಸುವ ಆ ಅಣುವೂ ಹಾಗೆ ಸುಮ್ಮನೆ ಸಿಡಿಯುವಂಥದ್ದಲ್ಲ.

ಸೋಡಿಯಂ ಅಜೈಡ್ ಬಾಟಲಿಯಲ್ಲಿ ಸುಮ್ಮನಿರುತ್ತದೆ, ಸೀಸದ ಅಜೈಡ್ ಅಷ್ಟು ಅಪಾಯ. ಗುಂಪು ಒಂದೇ ಅಲ್ಲವೇ?

ಗುಂಪು ಒಂದೇ, ಬಂಧದ ಸ್ವಭಾವ ಬೇರೆ. ಸೋಡಿಯಂ ತನ್ನ ಇಲೆಕ್ಟ್ರಾನನ್ನು ಪೂರ್ತಿ ಬಿಟ್ಟುಕೊಟ್ಟಿರುತ್ತದೆ. ಆಗ ಮೂರು ನೈಟ್ರೊಜನ್‌ಗಳ ಅಯಾನು ಸಮಮಿತಿಯಲ್ಲಿರುತ್ತದೆ, ಎರಡೂ ಬಂಧ ಒಂದೇ ಉದ್ದ, ಸುಮಾರು 1.18 ಆಂಗ್‌ಸ್ಟ್ರಾಮ್. ಅದೇ ಗುಂಪು ಹೈಡ್ರೊಜನ್ನಿಗೋ ಇಂಗಾಲಕ್ಕೋ ಸಹವೇಲೆಂಟ್ (ಇಲೆಕ್ಟ್ರಾನ್ ಹಂಚಿಕೊಳ್ಳುವ) ಬಂಧದಲ್ಲಿ ಅಂಟಿಕೊಂಡಾಗ ಸಮಮಿತಿ ಮುರಿಯುತ್ತದೆ. ಹೈಡ್ರಜೋಯಿಕ್ ಆಮ್ಲದಲ್ಲಿ ಒಂದು ಬಂಧ 1.24, ಇನ್ನೊಂದು 1.13. ಹೊರತುದಿಯ ಎರಡು ನೈಟ್ರೊಜನ್‌ಗಳು ಆಗಲೇ ನೈಟ್ರೊಜನ್ ಅಣುವಿನ ರೂಪಕ್ಕೆ ಹತ್ತಿರವಾಗಿವೆ, ಹೊರಡುವುದೊಂದೇ ಬಾಕಿ. ಸೀಸ, ಬೆಳ್ಳಿ, ತಾಮ್ರದ ಅಜೈಡ್‌ಗಳು ಅಯಾನಿಕ್ ಮತ್ತು ಸಹವೇಲೆಂಟ್ ನಡುವೆ ಎಲ್ಲೋ ಇವೆ. ಜೊತೆಗೆ ಅಯಾನಿನ ಇಲೆಕ್ಟ್ರಾನು ಲೋಹಕ್ಕೆ ಸುಲಭವಾಗಿ ಮರಳುತ್ತದೆ.

ಪ್ರಯೋಗಾಲಯಕ್ಕೆ ಇದರ ಅರ್ಥ ತುಂಬ ನೇರ. ಸೋಡಿಯಂ ಅಜೈಡ್ ದ್ರಾವಣವನ್ನು ಸಿಂಕಿಗೆ ಸುರಿಯಬೇಡಿ, ತಾಮ್ರ ಅಥವಾ ಸೀಸದ ಕೊಳವೆಯೊಳಗೆ ಆ ಲೋಹದ ಅಜೈಡ್ ಪದರವಾಗಿ ಕೂರಬಹುದು. ಲೋಹದ ಚಮಚ ಬೇಡ, ಪ್ಲಾಸ್ಟಿಕ್ಕಿನದಿರಲಿ. ಆಮ್ಲ ತಾಗಿದರೆ ವಿಷಕಾರಿಯೂ ಸ್ಫೋಟಕವೂ ಆದ ಹೈಡ್ರಜೋಯಿಕ್ ಆಮ್ಲ ಹೊರಬರುತ್ತದೆ. ಡೈಕ್ಲೋರೊಮೀಥೇನ್, ಕ್ಲೋರೊಫಾರ್ಮ್ ದ್ರಾವಕಗಳನ್ನು ಅಜೈಡಿನ ಹತ್ತಿರ ತರಬಾರದು, ಒಂದೇ ಇಂಗಾಲದ ಮೇಲೆ ಎರಡು ಮೂರು ಅಜೈಡ್ ಸೇರಿದ ಅಣುಗಳು ಹುಟ್ಟುತ್ತವೆ. ಅಜೈಡ್ ತ್ಯಾಜ್ಯಕ್ಕೆ ಬೇರೆಯದೇ ಡಬ್ಬಿ, ಸ್ಪಷ್ಟವಾದ ಚೀಟಿ.

## ಅಣುವಿನಿಂದ ಹರಳಿಗೆ

ಟಿಎಟಿಬಿಯಲ್ಲೂ ಮೂರು ನೈಟ್ರೊ ಗುಂಪಿದೆ. ಅಷ್ಟು ಗಟ್ಟಿಯಾಗಿರಲು ಅಮೈನೊ ಗುಂಪೊಂದೇ ಕಾರಣವೇ?

ಅರ್ಧ ಕಾರಣ ಅಷ್ಟೇ. ಉಳಿದರ್ಧ ಹರಳಿನಲ್ಲಿದೆ. ಟಿಎಟಿಬಿ ಅಣು ಚಪ್ಪಟೆ. ಅದರ ಅಮೈನೊ ಗುಂಪುಗಳು ಸ್ವಂತ ನೈಟ್ರೊ ಗುಂಪನ್ನಷ್ಟೇ ಅಲ್ಲ, ನೆರೆಯ ಅಣುವಿನದನ್ನೂ ಹೈಡ್ರೊಜನ್ ಬಂಧದಿಂದ ಹಿಡಿಯುತ್ತವೆ. ಹೀಗೆ ಚಾಪೆಯಂತೆ ಹೆಣೆದ ಹಾಳೆಗಳು ಒಂದರ ಮೇಲೊಂದು ಪೇರಿಕೊಂಡಿರುತ್ತವೆ, ಗ್ರ್ಯಾಫೈಟಿನ ಹಾಗೆಯೇ. ಏಟು ಬಿದ್ದಾಗ ಹಾಳೆಗಳು ಒಂದರ ಮೇಲೊಂದು ಜಾರುತ್ತವೆ. ಏಟಿನ ಶಕ್ತಿ ಜಾರುವುದರಲ್ಲೇ ಹಂಚಿಹೋಗಿ, ಒಂದು ಬಂಧದ ಮೇಲೆ ಜಮೆಯಾಗುವುದಿಲ್ಲ. ಸಾಂದ್ರತೆ 1.93, ಕೊಳೆಯಲು ಸುಮಾರು 350 ಡಿಗ್ರಿ ಬೇಕು, ಏಟಿನ ಪರೀಕ್ಷೆಯಲ್ಲಿ 50 ಜೂಲ್.

ಹಾಳೆ ಚಪ್ಪಟೆ ಇಲ್ಲದೆ ಅಲೆಯಂತಿದ್ದರೂ ಸ್ವಲ್ಪ ಜಾರುತ್ತದೆ. ಅಣುಗಳು ಒಂದರೊಳಗೊಂದು ಕೊಂಡಿ ಹಾಕಿಕೊಂಡ ಹಾಗಿದ್ದರೆ ಜಾರಲು ದಾರಿಯೇ ಇಲ್ಲ. ಬಲವಂತವಾಗಿ ಸರಿಸಿದರೆ ನೈಟ್ರೊ ಗುಂಪುಗಳು ಒಂದಕ್ಕೊಂದು ಗುದ್ದಿ, ಬಂಧ ಎಳೆದು ಬಾಗುತ್ತದೆ. ಪಿಇಟಿಎನ್ ಹರಳನ್ನು ಒಂದು ದಿಕ್ಕಿನಲ್ಲಿ ಆಘಾತಕ್ಕೊಳಪಡಿಸಿದರೆ ಸುಲಭವಾಗಿ ಕೆರಳುತ್ತದೆ, ಇನ್ನೊಂದು ದಿಕ್ಕಿನಲ್ಲಿ ಅಷ್ಟು ಸುಲಭವಲ್ಲ. ಅಣು ಅದೇ, ಜಾರುವ ದಾರಿ ಮಾತ್ರ ಬೇರೆ.

ಒಂದೇ ವಸ್ತು, ಒಂದೇ ಶುದ್ಧತೆ. ಆದರೂ ಸೂಕ್ಷ್ಮತೆ ಬೇರೆ ಬರುತ್ತಿದೆ. ಹೇಗೆ?

ಹರಳಿನ ರೂಪ ಬದಲಾಗಿದೆಯೇ ನೋಡಿ. ಎಚ್‌ಎಂಎಕ್ಸ್‌ಗೆ ಆಲ್ಫಾ, ಬೀಟಾ, ಗ್ಯಾಮಾ, ಡೆಲ್ಟಾ ಎಂದು ನಾಲ್ಕು ರೂಪಗಳಿವೆ. ಕೋಣೆಯ ತಾಪದಲ್ಲಿ ಸ್ಥಿರವಾದ ಬೀಟಾ ರೂಪದ ಸಾಂದ್ರತೆ 1.90. ಕಾಯಿಸಿದಾಗ, 160 ಡಿಗ್ರಿ ದಾಟಿದ ಮೇಲೆ, ಅದು ಡೆಲ್ಟಾ ರೂಪಕ್ಕೆ ತಿರುಗುತ್ತದೆ, ಸಾಂದ್ರತೆ 1.78ಕ್ಕೆ ಇಳಿಯುತ್ತದೆ. ಹಿಗ್ಗುವಿಕೆಯಿಂದ ಹರಳಿನೊಳಗೆ ಬಿರುಕು ಏಳುತ್ತದೆ, ಸೂಕ್ಷ್ಮತೆ ಎದ್ದು ಕಾಣುವಷ್ಟು ಏರುತ್ತದೆ. ಬೆಂಕಿಯಲ್ಲಿ ಸಿಕ್ಕು ಆರಿದ ಸರಕನ್ನು ಮೊದಲಿನ ಸರಕೆಂದು ನಂಬಬಾರದು ಎಂಬುದಕ್ಕೆ ಇದೂ ಒಂದು ಕಾರಣ.

ಏಟಿನ ಶಕ್ತಿ ತುಂಬ ಕಡಿಮೆ. ಅದನ್ನು ಇಡೀ ಪುಡಿಗೆ ಹಂಚಿದರೆ ಒಂದೆರಡು ಡಿಗ್ರಿಯೂ ಏರುವುದಿಲ್ಲ. ಮತ್ತೆ ಸಿಡಿಯುವುದು ಹೇಗೆ?

ಸಮನಾಗಿ ಹಂಚಿಹೋಗುವುದಿಲ್ಲ, ಅದಕ್ಕೇ. ಹರಳಿನೊಳಗಿನ ಗುಳ್ಳೆ ಕುಸಿಯುವಲ್ಲಿ, ಬಿರುಕಿನ ಎರಡು ಮುಖ ಉಜ್ಜುವಲ್ಲಿ, ಹರಳುಗಳ ನಡುವೆ ಮರಳಿನಂಥ ಗಟ್ಟಿ ಕಣ ಸಿಕ್ಕಿಕೊಂಡಲ್ಲಿ ಶಕ್ತಿ ಒಟ್ಟುಗೂಡುತ್ತದೆ. ಇವೇ ಬಿಸಿಚುಕ್ಕೆಗಳು. ಸಂಶೋಧಕರಾದ ಬೌಡನ್ ಮತ್ತು ಯಾಫೆ 1950ರ ಸುಮಾರಿಗೆ ಕಂಡುಕೊಂಡಂತೆ, ಒಂದು ಚುಕ್ಕೆ ಬೆಂಕಿ ಹತ್ತಿಸಬೇಕಾದರೆ ಅದರ ಅಗಲ ಮೈಕ್ರಾನಿನ ಹತ್ತನೇ ಒಂದು ಭಾಗದಿಂದ ಹತ್ತು ಮೈಕ್ರಾನ್, ತಾಪ 700 ಕೆಲ್ವಿನ್ ಆಸುಪಾಸು ಅಥವಾ ಹೆಚ್ಚು, ಬಾಳಿಕೆ ಕೆಲವು ಮೈಕ್ರೊಸೆಕೆಂಡಿನಿಂದ ಮಿಲಿಸೆಕೆಂಡಿನವರೆಗೆ ಇರಬೇಕು. ಅದಕ್ಕಿಂತ ಚಿಕ್ಕದಾದರೆ ಶಾಖ ಸೋರಿ ತಣ್ಣಗಾಗುತ್ತದೆ.

ಸಿಡಿಯಬಲ್ಲ ವಸ್ತುವಿನ ಮೇಲೆ ಗಾಜಿನ ತಿರುಪು ಮುಚ್ಚಳ, ಒರಟು ಗಾಜಿನ ಕೀಲು, ಲೋಹದ ಚಮಚ ಬೇಡ ಎನ್ನುವುದು ಇದರಿಂದಲೇ. ಮುಚ್ಚಳದ ಸುರುಳಿಯಲ್ಲಿ ಕೂತ ಒಂದು ಕಣ ಸಾಕು.

## ಪ್ರಯೋಗಾಲಯ ಮತ್ತು ಗೋದಾಮು

ಹೊಸ ಸಂಯುಕ್ತ ಮಾಡಲಿದ್ದೇನೆ, ಅದರಲ್ಲಿ ಅಜೈಡ್ ಇದೆ. ಕಾಗದದ ಮೇಲೆಯೇ ಅಪಾಯ ತಿಳಿಯಬಹುದೇ?

ಒರಟು ಅಂದಾಜು ಸಿಗುತ್ತದೆ. ಇಂಗಾಲ ಮತ್ತು ಆಮ್ಲಜನಕದ ಸಂಖ್ಯೆ ಕೂಡಿಸಿ, ನೈಟ್ರೊಜನ್ನಿನ ಒಟ್ಟು ಸಂಖ್ಯೆಯಿಂದ ಭಾಗಿಸಿ. 3 ಅಥವಾ ಹೆಚ್ಚು ಬಂದರೆ ಎಚ್ಚರಿಕೆಯಿಂದ ಬೇರ್ಪಡಿಸಿ ಇಡಬಹುದಾದ ಸಾಲಿಗೆ ಸೇರುತ್ತದೆ. 1ರಿಂದ 3ರ ನಡುವೆ ಇದ್ದರೆ ಕಡಿಮೆ ಪ್ರಮಾಣ, ತಂಪು, ಕತ್ತಲು, ದುರ್ಬಲ ದ್ರಾವಣ. 1ಕ್ಕಿಂತ ಕಡಿಮೆಯಾದರೆ ಬೇರ್ಪಡಿಸಲೇಬಾರದು. ಫೀನೈಲ್ ಅಜೈಡಿಗೆ 6ನ್ನು 3ರಿಂದ ಭಾಗಿಸಿ 2. ಡೆಸೈಲ್ ಅಜೈಡಿಗೆ 3.3. ಇದರ ಜೊತೆಗೇ ಇನ್ನೊಂದು ರೂಢಿ: ಪ್ರತಿಯೊಂದು ಅಪಾಯಕಾರಿ ಗುಂಪಿಗೂ ಕನಿಷ್ಠ ಆರು ಇಂಗಾಲ ಇರಲಿ. ಮಾತ್ರೆಯ ಸಕ್ಕರೆ ಪುಡಿ ಮಾಡುವ ಕೆಲಸವನ್ನೇ ಇಲ್ಲಿ ಇಂಗಾಲ ಮಾಡುತ್ತದೆ, ಶಾಖ ಹೀರಿಕೊಳ್ಳುತ್ತದೆ.

ಅಜೈಡ್ ಒಂದನ್ನೇ ನೋಡಿ ನಿಲ್ಲಿಸಬೇಡಿ. ಡೈಯಾಜೊ, ಡೈಯಾಜೋನಿಯಂ, ಪೆರಾಕ್ಸೈಡ್, ನೈಟ್ರೇಟ್ ಎಸ್ಟರ್, ನೈಟ್ರಮೀನ್, ಟೆಟ್ರಜೋಲ್, ಸಾವಯವ ಪರ್ಕ್ಲೋರೇಟ್, ಭಾರಲೋಹದ ಅಸಿಟಿಲೈಡ್, ಫಲ್ಮಿನೇಟ್ ಎಲ್ಲವೂ ಅದೇ ಪಟ್ಟಿಯವು. ಡೈಯಾಜೋನಿಯಂ ಕ್ಲೋರೈಡನ್ನು ಒಣಗಿಸಲೇಬೇಡಿ. 5 ಡಿಗ್ರಿಗಿಂತ ಕೆಳಗೆ, ದ್ರಾವಣದಲ್ಲೇ ಬಳಸಿ ಮುಗಿಸಿ.

ಈಥರ್ ಬಾಟಲಿಯಲ್ಲಿ ನೈಟ್ರೊ ಇಲ್ಲ, ಅಜೈಡ್ ಇಲ್ಲ. ಆದರೂ ಹಳೆಯದಾದರೆ ಸಿಡಿಯುತ್ತದೆ ಅಂತಾರೆ, ನಿಜವೇ?

ನಿಜ, ಮತ್ತು ಪ್ರಯೋಗಾಲಯಗಳಲ್ಲಿ ಜನ ಅತಿ ಹೆಚ್ಚು ಅಸಡ್ಡೆ ಮಾಡುವುದು ಇಲ್ಲೇ. ಆಮ್ಲಜನಕದ ಪಕ್ಕದ ಇಂಗಾಲದಲ್ಲಿರುವ ಹೈಡ್ರೊಜನ್ ಸಡಿಲ. ಗಾಳಿ, ಬೆಳಕು ಸಿಕ್ಕರೆ ಅದು ಕಳಚಿ, ಅಲ್ಲಿಗೆ ಗಾಳಿಯ ಆಮ್ಲಜನಕ ಸೇರಿ ಪೆರಾಕ್ಸೈಡ್ ಆಗುತ್ತದೆ. ಡೈಐಸೊಪ್ರೊಪೈಲ್ ಈಥರಿನಲ್ಲಿ ಆ ಇಂಗಾಲಕ್ಕೆ ಮೂರು ಕೊಂಬೆಗಳಿವೆ, ಹೈಡ್ರೊಜನ್ ಕಳಚುವುದು ಇನ್ನೂ ಸುಲಭ, ಹಾಗಾಗಿ ಅದು ಎಲ್ಲಕ್ಕಿಂತ ಕೆಟ್ಟದ್ದು. ಡೈಈಥೈಲ್ ಈಥರ್, ಟೆಟ್ರಾಹೈಡ್ರೊಫ್ಯೂರಾನ್, ಡೈಆಕ್ಸೇನ್ ನಂತರದವು. ಟರ್ಷಿಯರಿ ಬ್ಯುಟೈಲ್ ಮೀಥೈಲ್ ಈಥರಿನಲ್ಲಿ ಒಂದು ಕಡೆ ಹೈಡ್ರೊಜನ್ನೇ ಇಲ್ಲ, ಇನ್ನೊಂದು ಕಡೆ ಮೀಥೈಲ್ ಮಾತ್ರ, ಅದು ಬಲು ನಿಧಾನ.

ಬಾಟಲಿ ಬಂದ ದಿನ, ತೆರೆದ ದಿನ ಎರಡನ್ನೂ ಬರೆಯಿರಿ. ಡೈಐಸೊಪ್ರೊಪೈಲ್ ಈಥರನ್ನು ಮೂರು ತಿಂಗಳಲ್ಲಿ, ಡೈಈಥೈಲ್ ಈಥರ್ ಮತ್ತು ಟೆಟ್ರಾಹೈಡ್ರೊಫ್ಯೂರಾನನ್ನು ತೆರೆದ ಆರು ತಿಂಗಳಲ್ಲಿ ಪರೀಕ್ಷಿಸುವುದು ಅಥವಾ ವಿಲೇವಾರಿ ಮಾಡುವುದು ರೂಢಿ. ಬಟ್ಟಿ ಇಳಿಸುವ ಮೊದಲು ಪರೀಕ್ಷಾಪಟ್ಟಿ ಅದ್ದಿ ನೋಡಿ. ದಶಲಕ್ಷಕ್ಕೆ 25 ಭಾಗ ದಾಟಿದರೆ ಎಚ್ಚರ, 100 ದಾಟಿದರೆ ಬಳಕೆಯೇ ಬೇಡ. ಪೂರ್ತಿ ಒಣಗುವವರೆಗೆ ಎಂದೂ ಬಟ್ಟಿ ಇಳಿಸಬೇಡಿ, ಕೊನೆಯ 10ರಿಂದ 20 ಶೇಕಡಾ ಹಾಗೇ ಬಿಡಿ. ಪೆರಾಕ್ಸೈಡ್ ಆವಿಯಾಗದೆ ತಳದಲ್ಲಿ ದಟ್ಟವಾಗುತ್ತದೆ. ಬಟ್ಟಿ ಇಳಿಸಿದ ದ್ರಾವಕದಲ್ಲಿ ತಯಾರಕರು ಹಾಕಿದ ರಕ್ಷಕ ಹೋಗಿರುತ್ತದೆ ಎಂಬುದೂ ನೆನಪಿರಲಿ. ಮುಚ್ಚಳದ ಸುತ್ತ ಹರಳು ಕಂಡರೆ ಬಾಟಲಿ ಮುಟ್ಟದೆ ಕೋಣೆ ಖಾಲಿ ಮಾಡಿಸಿ, ತಜ್ಞರನ್ನು ಕರೆಯಿರಿ.

ಕಪಾಟಿನಲ್ಲಿ ಹಳೇ ಪಿಕ್ರಿಕ್ ಆಮ್ಲದ ಬಾಟಲಿ ಸಿಕ್ಕಿದೆ. ನೀರು ಹಾಕಿ ಇಟ್ಟರೆ ಸಾಕಲ್ಲ?

ತೆರೆಯಬೇಡಿ, ಅಲುಗಿಸಬೇಡಿ. ಪಿಕ್ರಿಕ್ ಆಮ್ಲವನ್ನು ಕನಿಷ್ಠ 30 ಶೇಕಡಾ ನೀರಿನೊಡನೆ ಮಾರುವುದು ಅದು ಒಣಗಬಾರದೆಂದೇ. ಒಣಗಿದ್ದರ ಜೊತೆ ಇನ್ನೊಂದು ತೊಂದರೆಯೂ ಇದೆ. ಇದರಲ್ಲಿರುವ ಹೈಡ್ರಾಕ್ಸಿಲ್ ಗುಂಪು ಮೂರು ನೈಟ್ರೊಗಳ ಎಳೆತದಿಂದ ಬಲವಾದ ಆಮ್ಲವಾಗಿದೆ. ಲೋಹದ ಮುಚ್ಚಳ ತಾಗಿದರೆ ಪಿಕ್ರೇಟ್ ಲವಣ ಹುಟ್ಟುತ್ತದೆ, ಅದು ಆಮ್ಲಕ್ಕಿಂತ ಸೂಕ್ಷ್ಮ. ಹೊರಗಿನಿಂದ ನೋಡಿ ಒಣಗಿದೆಯೆನಿಸಿದರೆ ಅಥವಾ ಮುಚ್ಚಳ ಲೋಹದ್ದಾದರೆ, ಜಾಗಕ್ಕೆ ತಡೆ ಹಾಕಿ ಬಾಂಬ್ ನಿಷ್ಕ್ರಿಯ ದಳಕ್ಕೆ ತಿಳಿಸಿ.

ನೈಟ್ರೊಸೆಲ್ಯುಲೋಸ್ ಯಾಕೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ?

ಅದರ ಆಮ್ಲಜನಕ-ನೈಟ್ರೊ ಬಂಧ ಸಾಧಾರಣ ತಾಪದಲ್ಲೂ ಅಲ್ಲೊಂದು ಇಲ್ಲೊಂದು ಒಡೆಯುತ್ತಿರುತ್ತದೆ. ಹೊರಬಂದ ನೈಟ್ರೊಜನ್ ಆಕ್ಸೈಡ್‌ಗಳು ತೇವದೊಡನೆ ಆಮ್ಲವಾಗಿ, ಇನ್ನಷ್ಟು ಬಂಧ ಒಡೆಯುತ್ತವೆ. ತನ್ನ ಕಸವೇ ತನ್ನನ್ನು ಕೊಳೆಸುತ್ತದೆ. ಮೊದಲ ವರ್ಷಗಳಲ್ಲಿ ಏನೂ ಕಾಣುವುದಿಲ್ಲ, ಆಮೇಲೆ ಇದ್ದಕ್ಕಿದ್ದಂತೆ ಏರುತ್ತದೆ. ಡೈಫೀನೈಲಮೀನ್, ಸೆಂಟ್ರಲೈಟ್‌ಗಳನ್ನು ಬೆರೆಸುವುದು ಬಂಧವನ್ನು ಗಟ್ಟಿ ಮಾಡಲಲ್ಲ, ಹೊರಬಂದ ಆಕ್ಸೈಡನ್ನು ಹಿಡಿದುಹಾಕಲು. ಅವು ಖರ್ಚಾಗುತ್ತ ಹೋಗುತ್ತವೆ. ಹಾಗಾಗಿ ಆಗಾಗ ಎಷ್ಟು ಉಳಿದಿದೆ ಎಂದು ಅಳೆಯಲೇಬೇಕು.

1911ರಲ್ಲಿ ಟೂಲೋನಿನಲ್ಲಿ ಫ್ರಾನ್ಸಿನ ಯುದ್ಧನೌಕೆ ಲಿಬರ್ಟೆ ತನ್ನದೇ ಕೊಳೆತ ನೈಟ್ರೊಸೆಲ್ಯುಲೋಸ್ ಸಿಡಿಮದ್ದಿನಿಂದ ಸಿಡಿದು ಮುಳುಗಿತು. 2015ರ ಆಗಸ್ಟ್ 12ರಂದು ಚೀನಾದ ಟಿಯಾಂಜಿನ್ ಬಂದರಿನಲ್ಲಿ ಬಿಸಿಲಿಗೆ ನಿಂತ ಕಂಟೇನರಿನಲ್ಲಿ ನೈಟ್ರೊಸೆಲ್ಯುಲೋಸನ್ನು ನೆನೆಸಿದ್ದ ದ್ರವ ಆರಿತು. ಒಣಗಿದ ಭಾಗ ತಾನೇ ಬಿಸಿಯಾಗಿ ಹೊತ್ತಿತು, ಬೆಂಕಿ ಪಕ್ಕದ ಅಮೋನಿಯಂ ನೈಟ್ರೇಟಿಗೆ ಹಬ್ಬಿತು. 165 ಜನ ಸತ್ತರು, 8 ಜನ ಸಿಗಲೇ ಇಲ್ಲ. ಸಾಗಣೆಯಲ್ಲಿ ಕನಿಷ್ಠ 25 ಶೇಕಡಾ ನೀರು ಅಥವಾ ಆಲ್ಕೊಹಾಲ್ ಇರಬೇಕೆಂಬ ನಿಯಮವನ್ನು ಕಾಗದದ ಕಟ್ಟಳೆ ಎಂದುಕೊಳ್ಳುವವರು ಆ ಸಂಖ್ಯೆಯನ್ನು ನೋಡಬೇಕು. ಡಬ್ಬಿ ಸೋರುತ್ತಿದೆಯೇ, ತೂಕ ಇಳಿದಿದೆಯೇ ಎಂದು ನೋಡುವುದು ಅರ್ಧ ಗಂಟೆಯ ಕೆಲಸ.

## ಅಳತೆಗಳು

ಡಿಎಸ್‌ಸಿಯಲ್ಲಿ (ಮಾದರಿಯನ್ನು ಕಾಯಿಸುತ್ತ ಅದು ಬಿಡುವ ಶಾಖ ಅಳೆಯುವ ಯಂತ್ರ) ದೊಡ್ಡ ಶಿಖರ ಬಂತು. ಈಗ ಏನು ಮಾಡಬೇಕು?

ಎರಡು ಸಂಖ್ಯೆ ಬರೆದುಕೊಳ್ಳಿ: ಶಾಖ ಹೊರಬರಲು ಶುರುವಾದ ತಾಪ, ಒಟ್ಟು ಶಾಖ. ಮುಚ್ಚಿದ ಮೂಸೆಯಲ್ಲೇ ಅಳೆದಿರಬೇಕು. ತೆರೆದ ಮೂಸೆಯಲ್ಲಿ ಮಾದರಿ ಆವಿಯಾಗಿ ಶಿಖರ ಸುಳ್ಳು ಹೇಳುತ್ತದೆ. ಮಾದರಿ ಕೆಲವೇ ಮಿಲಿಗ್ರಾಂ ಸಾಕು. ಗ್ರಾಮಿಗೆ 500 ಜೂಲ್ ದಾಟಿದರೆ ಮುಂದಿನ ಪರೀಕ್ಷೆಗಳಿಲ್ಲದೆ ಪ್ರಮಾಣ ಹೆಚ್ಚಿಸಬೇಡಿ.

ಯೋಶಿದಾ ಸೂತ್ರ ಇನ್ನೂ ಸ್ವಲ್ಪ ಮುಂದೆ ಕರೆದೊಯ್ಯುತ್ತದೆ. ಶಾಖವನ್ನು ಗ್ರಾಮಿಗೆ ಕ್ಯಾಲೊರಿಯಲ್ಲಿ ಬರೆದು ಅದರ ಲಾಗರಿದಂ ತೆಗೆಯಿರಿ. ಆರಂಭದ ತಾಪದಿಂದ 25 ಕಳೆದು ಅದರ ಲಾಗರಿದಂ ತೆಗೆಯಿರಿ. ಮೊದಲನೆಯದರಿಂದ ಎರಡನೆಯದರ 0.72 ಪಟ್ಟು ಮತ್ತು 0.98 ಕಳೆದರೆ ಏಟಿನ ಸೂಕ್ಷ್ಮತೆಯ ಸೂಚಿ. 0.38 ಪಟ್ಟು ಮತ್ತು 1.67 ಕಳೆದರೆ ಸ್ಫೋಟ ಹರಡುವ ಸೂಚಿ. ಸೊನ್ನೆ ಅಥವಾ ಮೇಲಿದ್ದರೆ ಅಪಾಯ ಇದೆಯೆಂದೇ ನಡೆದುಕೊಳ್ಳಿ. ಉದಾಹರಣೆಗೆ 225 ಡಿಗ್ರಿ, 500 ಕ್ಯಾಲೊರಿ ಬಂದರೆ ಸೂಚಿಗಳು 0.06 ಮತ್ತು 0.15, ಎರಡೂ ಅಪಾಯದ ಕಡೆ. 275 ಡಿಗ್ರಿ, 200 ಕ್ಯಾಲೊರಿಗೆ ಮೈನಸ್ 0.41 ಮತ್ತು ಮೈನಸ್ 0.28. ಜೂಲನ್ನು ಕ್ಯಾಲೊರಿಗೆ ತಿರುಗಿಸಲು ಮರೆಯುವುದು ಎಲ್ಲರೂ ಮಾಡುವ ತಪ್ಪು. 4.184ರಿಂದ ಭಾಗಿಸಿ.

ಶಾಖ ಶುರುವಾಗುವ ತಾಪಕ್ಕಿಂತ 100 ಡಿಗ್ರಿ ಕೆಳಗೆ ಇದ್ದರೆ ಸುರಕ್ಷಿತ ಅಲ್ಲವೇ?

ಈ ನಿಯಮವನ್ನು ನಂಬಿ ಕೂರಬೇಡಿ. ಡಿಎಸ್‌ಸಿ ನಿಮಿಷಕ್ಕೆ ಕೆಲವು ಡಿಗ್ರಿ ವೇಗದಲ್ಲಿ ಓಡುತ್ತದೆ, ನಿಧಾನ ಕ್ರಿಯೆ ಅದರ ಕಣ್ಣಿಗೆ ಬೀಳುವುದಿಲ್ಲ. ನೈಟ್ರೊಸೆಲ್ಯುಲೋಸಿನ ಹಾಗೆ ತನ್ನನ್ನು ತಾನೇ ವೇಗಗೊಳಿಸಿಕೊಳ್ಳುವ ವಸ್ತುಗಳಿಗೆ ಒಂದೇ ತಾಪದಲ್ಲಿ ಗಂಟೆಗಟ್ಟಲೆ ಇಟ್ಟು ನೋಡುವ ಪರೀಕ್ಷೆಯೇ ಬೇಕು.

ಪ್ರಮಾಣವೂ ಲೆಕ್ಕಕ್ಕೆ ಬರುತ್ತದೆ. ರಾಶಿ ದೊಡ್ಡದಾದಂತೆ ಶಾಖ ಹುಟ್ಟುವುದು ಘನಗಾತ್ರದ ಲೆಕ್ಕದಲ್ಲಿ, ಹೊರಹೋಗುವುದು ಮೇಲ್ಮೈ ಲೆಕ್ಕದಲ್ಲಿ. ಒಂದು ಗ್ರಾಂ ತಣ್ಣಗೆ ಕೂತ ತಾಪದಲ್ಲೇ ಒಂದು ಪೀಪಾಯಿ ಕೆರಳಬಹುದು. ಹಾಗಾಗಿ ಸಾಗಣೆಯ ನಿಯಮ 50 ಕಿಲೊ ಪೊಟ್ಟಣವನ್ನೇ ಅಳತೆಗೋಲಾಗಿ ಹಿಡಿಯುತ್ತದೆ: ಏಳು ದಿನದೊಳಗೆ ಅದರ ನಡುಭಾಗ ಸುತ್ತಲಿಗಿಂತ 6 ಡಿಗ್ರಿ ಹೆಚ್ಚು ಬಿಸಿಯಾಗುವಂತೆ ಮಾಡುವ ಕನಿಷ್ಠ ತಾಪ ಯಾವುದು ಎಂದು.

ಒಂದು ಪುಸ್ತಕದಲ್ಲಿ ಆರ್‌ಡಿಎಕ್ಸ್‌ಗೆ ಒಂದು ಸಂಖ್ಯೆ, ಇನ್ನೊಂದರಲ್ಲಿ ಬೇರೆ. ಯಾವುದು ಸರಿ?

ಎರಡೂ ಸರಿಯಿರಬಹುದು, ಅಳೆದದ್ದು ಬೇರೆ. ಬಿಎಎಂ ಎಂಬ ಜರ್ಮನ್ ಸಂಸ್ಥೆಯ ಪತನಸುತ್ತಿಗೆಯಲ್ಲಿ (ತೂಕ ಬೀಳಿಸಿ ಹೊಡೆಯುವ ಯಂತ್ರ) ಆರು ಪ್ರಯತ್ನದಲ್ಲಿ ಒಮ್ಮೆಯಾದರೂ ಸಿಡಿಯುವ ಕನಿಷ್ಠ ಶಕ್ತಿ ಹುಡುಕುತ್ತಾರೆ. ಮೇಲೆ ಹೇಳಿದ ಸೆಂಟಿಮೀಟರ್ ಸಂಖ್ಯೆಗಳು ಅರ್ಧದಷ್ಟು ಸಲ ಸಿಡಿಯುವ ಎತ್ತರ. ಒಂದನ್ನು ಇನ್ನೊಂದಕ್ಕೆ ಗುಣಿಸಿ ತಿರುಗಿಸಲಾಗದು. ಕಣದ ಗಾತ್ರ, ತೇವ, ಕೆಳಗೆ ಮರಳುಕಾಗದ ಇತ್ತೇ ಎಂಬುದರಿಂದಲೂ ಫಲಿತಾಂಶ ಅಲುಗುತ್ತದೆ. ಒಂದೇ ಯಂತ್ರದಲ್ಲಿ, ಒಂದೇ ದಿನ, ಪಕ್ಕದಲ್ಲಿ ಗೊತ್ತಿರುವ ವಸ್ತುವೊಂದನ್ನಿಟ್ಟು ಹೋಲಿಸಿದ್ದೇ ನಂಬತಕ್ಕ ಅಳತೆ. ಸಾಗಣೆಯ ಮಟ್ಟಿಗೆ ಗಡಿ ಸ್ಪಷ್ಟವಿದೆ. ಏಟಿನಲ್ಲಿ 2 ಜೂಲ್ ಅಥವಾ ಕಡಿಮೆ, ಉಜ್ಜುವಿಕೆಯಲ್ಲಿ 80 ನ್ಯೂಟನ್‌ಗಿಂತ ಕಡಿಮೆ ಬಂದರೆ ಆ ರೂಪದಲ್ಲಿ ಅದನ್ನು ಸಾಗಿಸುವಂತಿಲ್ಲ.

## ಇನ್ನೂ ಆಳಕ್ಕೆ

ಬಂಧದ ಬಲ ಬಿಟ್ಟು ಗಣಕದಲ್ಲಿ ಇನ್ನೇನನ್ನು ಲೆಕ್ಕ ಹಾಕುತ್ತಾರೆ?

ಅಣುವಿನ ಮೇಲ್ಮೈಯ ವಿದ್ಯುತ್ ವಿಭವ. ಬರೀ ಬೆಂಜೀನಿನಲ್ಲಿ ಉಂಗುರದ ಮೇಲ್ಭಾಗ ಋಣ, ಅಂಚು ಧನ. ನೈಟ್ರೊ ಗುಂಪುಗಳು ಸೇರುತ್ತ ಹೋದಂತೆ ಇಲೆಕ್ಟ್ರಾನುಗಳು ಅತ್ತ ಹರಿದು, ಉಂಗುರದ ನಡುಭಾಗ ಮತ್ತು ಇಂಗಾಲ-ನೈಟ್ರೊ ಬಂಧದ ಮೇಲೆ ಬಲವಾದ ಧನ ವಿಭವ ಏಳುತ್ತದೆ. ಸಂಶೋಧಕರಾದ ಪೊಲಿಟ್ಜರ್ ಮತ್ತು ಮರೆ ಅವರು ಈ ಅಸಮತೋಲನ ಹೆಚ್ಚಿದಷ್ಟೂ ಸೂಕ್ಷ್ಮತೆ ಹೆಚ್ಚುವುದನ್ನು ತೋರಿಸಿದ್ದಾರೆ. ಅಮೈನೊ ಗುಂಪು ಆ ಧನ ಗುಡ್ಡವನ್ನು ತಗ್ಗಿಸುತ್ತದೆ.

ಹರಳಿನ ಕಂಪನ ಬಂಧವನ್ನು ಒಡೆಯುವುದು ಹೇಗೆ? ಎರಡರ ಆವೃತ್ತಿ ತುಂಬ ದೂರ ಇದೆಯಲ್ಲ?

ಮೆಟ್ಟಿಲು ಹತ್ತಿದಂತೆ. ಆಘಾತ ಮೊದಲು ಇಡೀ ಹರಳಿನ ಕಡಿಮೆ ಆವೃತ್ತಿಯ ಕಂಪನಗಳನ್ನು ತುಂಬುತ್ತದೆ. ಅಲ್ಲಿಂದ ಶಕ್ತಿ ಅಣುವಿನೊಳಗಿನ ಬಂಧಕ್ಕೆ ಏರಬೇಕಾದರೆ ನಡುವೆ, ಸುಮಾರು 200ರಿಂದ 700 ತರಂಗಸಂಖ್ಯೆಯಲ್ಲಿ (ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆ ಎಂಬ ಅಳತೆ), ಬಾಗಿಲಿನಂಥ ಕಂಪನಗಳಿರಬೇಕು. ಅಣು ತಿರುಚುವ, ನೈಟ್ರೊ ಗುಂಪು ತೂಗುವ ಕಂಪನಗಳವು. 1990ರಲ್ಲಿ ಸಂಶೋಧಕರಾದ ಡ್ಲಾಟ್ ಮತ್ತು ಫೇಯರ್ ಈ ಚಿತ್ರವನ್ನು ಮುಂದಿಟ್ಟರು. ಸಡಿಲವಾಗಿ ಅಲ್ಲಾಡುವ ಅಣುವಿನಲ್ಲಿ ಬಾಗಿಲು ಹೆಚ್ಚು. ಬಿಗಿಯಾಗಿ, ಚಪ್ಪಟೆಯಾಗಿ ಹಿಡಿದಿಟ್ಟ ಅಣುವಿನಲ್ಲಿ ಕಡಿಮೆ. ಟಿಎಟಿಬಿಯ ತಾಳ್ಮೆಗೆ ಇದು ಮೂರನೆಯ ವಿವರಣೆ, ಹಿಂದಿನ ಎರಡಕ್ಕೆ ವಿರುದ್ಧವಲ್ಲ.

ಬಲವೂ ಬೇಕು, ತಾಳ್ಮೆಯೂ ಬೇಕು. ಎರಡೂ ಒಂದೇ ವಸ್ತುವಿನಲ್ಲಿ ಸಿಗುತ್ತದೆಯೇ?

ಸ್ವಲ್ಪಮಟ್ಟಿಗೆ. 1998ರಲ್ಲಿ ಸ್ವೀಡನ್ನಿನ ಸಂಶೋಧಕರು ಪ್ರಕಟಿಸಿದ ಫಾಕ್ಸ್-7 ಎಂಬ ಸ್ಫೋಟಕದಲ್ಲಿ ಎರಡು ಅಮೈನೊ ಒಂದು ತುದಿಗೆ, ಎರಡು ನೈಟ್ರೊ ಇನ್ನೊಂದು ತುದಿಗೆ. ಒಂದು ಕಡೆ ಇಲೆಕ್ಟ್ರಾನ್ ತಳ್ಳುತ್ತದೆ, ಇನ್ನೊಂದು ಕಡೆ ಎಳೆಯುತ್ತದೆ. ಅಣುಗಳು ಅಲೆಯಾಕಾರದ ಪದರಗಳಾಗಿ ಜೋಡಿಸಿಕೊಳ್ಳುತ್ತವೆ. ಅದರ ಆಮ್ಲಜನಕ ಸಮತೋಲನ ಆರ್‌ಡಿಎಕ್ಸ್‌ನದಷ್ಟೇ, ಸೂಕ್ಷ್ಮತೆ ಮಾತ್ರ ಬಹಳ ಕಡಿಮೆ.

ಇನ್ನೊಂದು ದಾರಿ ಅಣುವನ್ನು ಮುಟ್ಟದೆ ಹರಳನ್ನು ಬದಲಿಸುವುದು. 2012ರಲ್ಲಿ ಮ್ಯಾಟ್ಜರ್ ಎಂಬವರ ಸಂಶೋಧನಾ ತಂಡವು ಸಿಎಲ್-20 ಎಂಬ ಬಲವಾದ ಸ್ಫೋಟಕ ಮತ್ತು ಎಚ್‌ಎಂಎಕ್ಸ್ ಅಣುಗಳು ಎರಡಕ್ಕೆ ಒಂದರಂತೆ ಒಂದೇ ಹರಳಿನಲ್ಲಿ ಕೂರುವುದನ್ನು ವರದಿ ಮಾಡಿತು. ಅದರ ಏಟಿನ ಸೂಕ್ಷ್ಮತೆ ಸಿಎಲ್-20ರದಲ್ಲ, ಎಚ್‌ಎಂಎಕ್ಸ್‌ನ ಮಟ್ಟದ್ದು. ಬರೀ ನೈಟ್ರೊಜನ್ನಿನ ಕಡೆಗೂ ಓಟ ನಡೆದಿದೆ. 2017ರಲ್ಲಿ ಚೀನಾದ ನಾನ್‌ಜಿಂಗ್‌ನಲ್ಲಿ ಐದು ನೈಟ್ರೊಜನ್ನಿನ ಉಂಗುರದ ಅಯಾನನ್ನು ಲವಣವಾಗಿ ಹಿಡಿದಿಟ್ಟರು. ಸುತ್ತಲಿನ ಹೈಡ್ರೊಜನ್ ಬಂಧಗಳ ಆಸರೆಯಲ್ಲಿ ಅದು ಸುಮಾರು 117 ಡಿಗ್ರಿಯವರೆಗೆ ಉಳಿಯುತ್ತದೆ. ಒಂಟಿಯಾಗಿ ಬಿಟ್ಟರೆ ನಿಲ್ಲದ ಉಂಗುರವನ್ನು ನೆರೆಯವರು ಹಿಡಿದಿಟ್ಟಿದ್ದಾರೆ.